ಕಾಪು ಲೈಟ್‌ಹೌಸ್: ಕೆಂಪು ಫಿಲ್ಟರ್ ಬಿಟ್ಟ ಮೇಲೆ ಬಂಡೆ ಕಂಡಿತು

ಕಾಪುವಿನಲ್ಲಿ ಕಪ್ಪು-ಬಿಳುಪು ಫಿಲ್ಮ್ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಕೆಂಪು ಫಿಲ್ಟರಿಗೆ. ಆಕಾಶವೇನೋ ಕಪ್ಪಾಗುತ್ತದೆ. ಆದರೆ 1901ರ ಗೋಪುರ ನಿಂತಿರುವ ಬಂಡೆ ಮಸಿ ಬಳಿದಂತೆ ಬರುತ್ತದೆ. ಎಚ್‌ಪಿ5 ಎಂಬ ಕಪ್ಪು-ಬಿಳುಪು ಫಿಲ್ಮಿನ ಆರೇಳು ರೋಲ್ ನನಗೆ ಹಾಳಾದದ್ದು ಹೀಗೇ, ರೋಲಿಗೆ ಸಾವಿರ ರೂಪಾಯಿ ಆಸುಪಾಸು ಕೊಟ್ಟದ್ದು.

ಬಂಡೆಯ ನೆರಳಿಗೆ ಸಿಗುವುದು ಆಕಾಶದ ನೀಲಿ ಬೆಳಕು. ಕೆಂಪು ಗಾಜು ತಡೆಯುವುದು ಅದನ್ನೇ. ಎಕ್ಸ್‌ಪೋಷರ್ ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ದುಪ್ಪಟ್ಟು) ಹೆಚ್ಚಿಸಿದರೂ ನೆರಳಿಗೆ ಸಾಲದು. ಕಿತ್ತಳೆ ಫಿಲ್ಟರ್ ಹಾಕಿ, ಅದಕ್ಕೆಂದು ಎರಡು ಸ್ಟಾಪ್ ಹೆಚ್ಚು ಕೊಡಿ. ಬೆಳಕಿನ ಮೀಟರನ್ನು ಐಎಸ್‌ಒ 200ಕ್ಕೆ ಇಟ್ಟು, ಬಿರುಕಿನೊಳಗಿನ ನೆರಳನ್ನಷ್ಟೇ ಸ್ಪಾಟ್‌ನಲ್ಲಿ ಅಳೆದು, ಆ ಅಳತೆಯಿಂದ ಎರಡು ಸ್ಟಾಪ್ ಇಳಿಸಿ; ಫಿಲ್ಟರಿನ ಎರಡು ಸ್ಟಾಪ್ ಬೇರೆ. ‘ಬಿಸಿಲಿನ ಗೋಡೆ ಸುಟ್ಟುಹೋಗುತ್ತೆ’ ಎಂದವರೇ ಹೆಚ್ಚು. ಸುಡಲಿಲ್ಲ, ಯಾಕೆಂದರೆ ಡೆವಲಪಿಂಗ್ ಸಮಯ ಐದರಲ್ಲೊಂದು ಪಾಲು ಕಡಿತ: ಐಡಿ-11 ಡೆವಲಪರ್, ಅಷ್ಟೇ ನೀರು ಬೆರೆಸಿ (1+1), 24 ಡಿಗ್ರಿಯಲ್ಲಿ ಏಳೂಕಾಲು ನಿಮಿಷ. ಈಗ ಗೋಡೆಯ ಗಾರೆಯೂ ಬಂಡೆಯ ಪದರವೂ ಒಂದೇ ನೆಗೆಟಿವ್‌ನಲ್ಲಿವೆ, ಮಧ್ಯಮ ಕಾಂಟ್ರಾಸ್ಟಿನ ಎರಡೂವರೆ ಗ್ರೇಡಿಗೇ ಪ್ರಿಂಟ್ ಆಗುತ್ತವೆ. ಟ್ಯಾಂಕ್ ಅಲುಗಿಸುವ ಲಯವೊಂದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನಲ್ಲೇ ಇರಲಿ.

ಡೆವಲಪಿಂಗಿಗೆ ಮಾಮೂಲಿ 20 ಡಿಗ್ರಿಯೇ ಬೇಕೆಂದು ಹಟ ಹಿಡಿಯಬೇಡಿ. ಕರಾವಳಿಯ ನಲ್ಲಿ ನೀರು 29-30 ಇರುತ್ತದೆ. ಐಸ್ ಹಾಕಿ ಇಳಿಸಿದ ಡೆವಲಪರ್ ನಡುವೆಯೇ ಬಿಸಿಯೇರಿ ಒಂದೊಂದು ರೋಲ್ ಒಂದೊಂದು ಥರ ಬರುತ್ತದೆ. ಡೆವಲಪರ್, ಫಿಕ್ಸರ್, ತೊಳೆಯುವ ನೀರು ಎಲ್ಲದರ ಬಾಟಲಿಗಳನ್ನೂ ಒಂದೇ ನೀರಿನ ಟಬ್ಬಿನಲ್ಲಿಟ್ಟರೆ 24 ಸಲೀಸಾಗಿ ನಿಲ್ಲುತ್ತದೆ.

ಗೋಪುರ ಹಿಂದಕ್ಕೆ ವಾಲದಿರಲು ಕ್ಯಾಮೆರಾ ಮೇಲೆತ್ತಬಾರದು. 35 ಎಂಎಂ ಲೆನ್ಸ್ ಹಾಕಿ, ಚೌಕಟ್ಟು ಉದ್ದುದ್ದ ಬರುವಂತೆ ಕ್ಯಾಮೆರಾ ತಿರುಗಿಸಿ ಹಿಡಿದು, ಬಂಡೆಯೂ ಸೇರಿ ಎಷ್ಟು ಎತ್ತರವೋ ಅದರ ಎರಡು ಪಟ್ಟಿಗಿಂತ ತುಸು ದೂರ ನಿಲ್ಲಿ. ಕೆಳಗಿನ ಮರಳು ಆಮೇಲೆ ಕತ್ತರಿಸಿದರಾಯಿತು.

ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಕೂಡ ನೋಡಿದ್ದೇನೆ. 1/60 ಸೆಕೆಂಡ್ ಇದ್ದದ್ದು 16 ಸೆಕೆಂಡ್ ಆಗುತ್ತದೆ, ರೆಸಿಪ್ರಾಸಿಟಿ (ದೀರ್ಘ ಎಕ್ಸ್‌ಪೋಷರಿನಲ್ಲಿ ಫಿಲ್ಮ್ ಮಂದವಾಗುವುದು) ಲೆಕ್ಕ ಸೇರಿಸಿದರೆ ಸುಮಾರು 38. ಅಷ್ಟರಲ್ಲಿ ಅಲೆ ಹಿಂದೆ ಸರಿದು ಟ್ರೈಪಾಡ್ ಕಾಲು ಮರಳಿಗಿಳಿದು, ಗೋಪುರ ಎರಡೆರಡು! ಕಾಲುಗಳನ್ನು ಬಂಡೆ ಮೇಲಿಟ್ಟರೆ ಸರಿಯಾಗುತ್ತದೆ, ಆದರೆ ಕಡಲು ಹಾಲಾಗಿಬಿಡುತ್ತದೆ. ನನಗೆ ಅರ್ಧ ಸೆಕೆಂಡೇ ಇಷ್ಟ, ನೊರೆಯ ಗೆರೆ ಉಳಿಯುತ್ತದೆ.

ಫಿಲ್ಟರ್ ಮೇಲೆ ಉಪ್ಪಿನ ಪೊರೆ ಕೂತರೆ ಕಾಂಟ್ರಾಸ್ಟ್ ಬಿದ್ದುಹೋಗುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಖಂಡಿತ, ಮೊದಲು ಡಿಸ್ಟಿಲ್ಡ್ ನೀರಿನ ಒದ್ದೆ ಬಟ್ಟೆ. ಟ್ರೈಪಾಡನ್ನು ಅಂದೇ ರಾತ್ರಿ ಸಿಹಿನೀರಲ್ಲಿ ತೊಳೆಯಿರಿ.