ಶೇಂಗಾ ಬೇರು ಹಿಡಿದು ಸಾರಜನಕ ಚಕ್ರದ ಪಾಠ

ಸಾರಜನಕ ಗಾಳಿಯಿಂದ ಮಣ್ಣಿಗೆ, ಗಿಡಕ್ಕೆ, ದನಕ್ಕೆ ಹೋಗಿ ಮತ್ತೆ ಗಾಳಿಗೆ ಮರಳುವುದೇ ಸಾರಜನಕ ಚಕ್ರ. ಅದರ ಪಾಠ ಅಂದರೆ ಬೋರ್ಡಿನ ಮೇಲೆ ಒಂದು ದೊಡ್ಡ ಸುತ್ತು, ಅದರ ತುಂಬ ಬಾಣಗಳು. ಮಕ್ಕಳು ಚಿತ್ರವನ್ನು ಚೆನ್ನಾಗಿಯೇ ಬರೆಯುತ್ತಾರೆ, ಅಂಕವೂ ಬರುತ್ತದೆ. ಆದರೆ ಗಾಳಿಯಲ್ಲಿದ್ದ ಸಾರಜನಕ ತೊಗರಿಬೇಳೆಯೊಳಗೆ ಹೇಗೆ ಬಂತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ನಾನು ಚಳ್ಳಕೆರೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಳೆಗಾಲದಲ್ಲಿ ಇಲ್ಲಿ ಎತ್ತ ನೋಡಿದರೂ ಶೇಂಗಾ ಹೊಲ, ನಡುನಡುವೆ ತೊಗರಿಯ ಅಕ್ಕಡಿ ಸಾಲು. ಹಾಗಾಗಿ ಈ ಪಾಠವನ್ನು ನಾನು ಶೇಂಗಾ ಬೇರಿನಿಂದಲೇ ಶುರು ಮಾಡುತ್ತೇನೆ.

ಪುಸ್ತಕದಲ್ಲಿ ಪಾಠ ಯಾವಾಗಲಾದರೂ ಬರಲಿ, ನಾನು ಮಾಡುವುದು ಬಿತ್ತಿ ಒಂದೂವರೆ ತಿಂಗಳಾದ ಮೇಲೆ, ಗಿಡ ಹೂವು ಬಿಟ್ಟಿರುವಾಗ. ಬೇರಿನ ಗಂಟುಗಳು ಜೋರಾಗಿ ಕೆಲಸ ಮಾಡುವ ಕಾಲ ಅದು. ಗಿಡವನ್ನು ಎಳೆದು ಕೀಳಬಾರದು. ಎಳೆದರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಗುದ್ದಲಿಯಿಂದ ಸುತ್ತಲೂ ಸಡಿಲ ಮಾಡಿ, ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಲು ಬಿಡಬೇಕು. ಜೊತೆಗೆ ಸಜ್ಜೆ ಅಥವಾ ಜೋಳದ ಒಂದು ಗಿಡವನ್ನೂ ಹೀಗೆಯೇ ತೆಗೆಸುತ್ತೇನೆ. ಎರಡು ಬೇರನ್ನೂ ಪಕ್ಕಪಕ್ಕ ಇಟ್ಟರೆ ನಾನು ಹೇಳಬೇಕಾದದ್ದು ಹೆಚ್ಚೇನೂ ಇರುವುದಿಲ್ಲ. ಶೇಂಗಾ ಬೇರಿನ ತುಂಬ ಸಣ್ಣ ಗಂಟುಗಳು, ಜೋಳದಲ್ಲಿ ಒಂದೂ ಇಲ್ಲ.

ಮುಂದಿನ ಕೆಲಸ ಬ್ಲೇಡಿನದು, ಅದನ್ನು ನಾನೇ ಮಾಡುತ್ತೇನೆ. ಗಂಟನ್ನು ಅರ್ಧಕ್ಕೆ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಮಕ್ಕಳು ಮೈಮೇಲೆ ಬಿದ್ದು ನೋಡುತ್ತಾರೆ. "ಸಾರ್, ಗಿಡಕ್ಕೂ ರಕ್ತ ಇರುತ್ತಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಕಾಯುವುದೇ ಈ ಪ್ರಶ್ನೆಗೆ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ನೆಂಟ, ಅದರಲ್ಲೂ ಕಬ್ಬಿಣ ಇದೆ. ಗಂಟಿನೊಳಗಿರುವ ರೈಜೋಬಿಯಮ್ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಆದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ಅಮೋನಿಯಾ ಮಾಡುವ, ಅದೇ ಬ್ಯಾಕ್ಟೀರಿಯಾದ ನೈಟ್ರೋಜಿನೇಸ್ ಎಂಬ ಕಿಣ್ವ ಆಮ್ಲಜನಕ ತಾಕಿದರೆ ಕೆಟ್ಟುಹೋಗುತ್ತದೆ. ಬೇಕಾದಷ್ಟು ಆಮ್ಲಜನಕವನ್ನು ಮಾತ್ರ ಹಿಡಿದು ತಲುಪಿಸುವುದು ಈ ಗುಲಾಬಿ ವಸ್ತು. ಒಳಗೆ ಹಸಿರು ಅಥವಾ ಕಂದು ಬಣ್ಣ ಕಂಡರೆ ಆ ಗಂಟಿನ ಕೆಲಸ ಮುಗಿದಿದೆ ಎಂದು ತಿಳಿಯಬೇಕು.

ಒಂದು ಎಚ್ಚರಿಕೆ. ಟೊಮೆಟೊ, ಬದನೆ ಬೇರಿನಲ್ಲೂ ಗಂಟು ಕಾಣುತ್ತವೆ, ಮಕ್ಕಳು ಅವನ್ನೂ ಕಿತ್ತು ತರುತ್ತಾರೆ. ಅದು ಜಂತುಹುಳದ ರೋಗ. ಅಲ್ಲಿ ಬೇರು ತಾನೇ ಊದಿಕೊಂಡಿರುತ್ತದೆ. ರೈಜೋಬಿಯಮ್ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರು ತಾಗಿಸಿದರೆ ಉದುರುತ್ತದೆ.

ಗಾಳಿಯಲ್ಲಿ ಸುಮಾರು ಶೇಕಡ 78 ಸಾರಜನಕವೇ ಇದೆ, ಆದರೂ ಗಿಡಕ್ಕೆ ಅದು ದಕ್ಕುವುದಿಲ್ಲ. ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಕಾರ್ಖಾನೆಯಲ್ಲಿ ಅದನ್ನು ಬಿಡಿಸಿ ಅಮೋನಿಯಾ ಮಾಡಲು ಕಬ್ಬಿಣದ ವೇಗವರ್ಧಕ ಬೇಕು, 400 ಡಿಗ್ರಿಗೂ ಜಾಸ್ತಿ ಶಾಖ ಬೇಕು, ಗಾಳಿಯ ಒತ್ತಡದ ನೂರಾರು ಪಟ್ಟು ಒತ್ತಡ ಬೇಕು. ರಸಾಯನ ವಿಜ್ಞಾನಿ ಫ್ರಿಟ್ಸ್ ಹೇಬರ್ ತೋರಿಸಿಕೊಟ್ಟ ಈ ದಾರಿಯಲ್ಲಿ 1913ರಲ್ಲಿ ಜರ್ಮನಿಯಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ನಮ್ಮ ಯೂರಿಯಾ ಮೂಟೆಯ ಮೂಲ ಅದೇ. ಅದೇ ಕೆಲಸವನ್ನು ಹೊಲದ ಮಣ್ಣಿನಲ್ಲಿ, ಎಲೆ ಕಳಿಸಿದ ಸಕ್ಕರೆಯ ಬಲದಿಂದ, ಕಣ್ಣಿಗೆ ಕಾಣದ ಜೀವಿ ಮಾಡುತ್ತಿದೆ. ಇದನ್ನು ಹೇಳುವಾಗ ನನಗೆ ಪ್ರತಿ ವರ್ಷವೂ ಮೈ ಜುಮ್ಮೆನ್ನುತ್ತದೆ. ದ್ಯುತಿಸಂಶ್ಲೇಷಣೆಯ ಪಾಠ ಇಲ್ಲಿಗೆ ತಾನಾಗಿಯೇ ಬಂದು ಸೇರುತ್ತದೆ, ಅಲ್ವಾ?

ಆಮೇಲೆ ಎರಡು ಕುಂಡದ ಪ್ರಯೋಗ. ಒಂದೇ ಹೊಲದ ಮಣ್ಣು, ಒಂದೇ ಅಲಸಂದೆ ಬೀಜ. ಒಂದಕ್ಕೆ ವಾರಕ್ಕೊಮ್ಮೆ ಚಿಟಿಕೆ ಯೂರಿಯಾ ಕರಗಿಸಿದ ನೀರು, ಇನ್ನೊಂದಕ್ಕೆ ಬರೀ ನೀರು. ತಿಂಗಳು ಕಳೆದ ಮೇಲೆ ಬೇರು ತೊಳೆದು ನೋಡಿದರೆ ಯೂರಿಯಾ ಕುಂಡದಲ್ಲಿ ಗಂಟು ಕಡಿಮೆ. ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಬ್ಯಾಕ್ಟೀರಿಯಾವನ್ನು ಸಾಕಲು ಸಕ್ಕರೆ ಖರ್ಚು ಮಾಡುವುದಿಲ್ಲ. ಇದನ್ನು ಮಕ್ಕಳೇ ಬಾಯಿಬಿಟ್ಟು ಹೇಳುವ ತನಕ ನಾನು ಹೇಳುವುದಿಲ್ಲ.

ಚಕ್ರದ ಉಳಿದ ಭಾಗ ಊರಿನಲ್ಲೇ ಇದೆ. ಶೇಂಗಾ ಎಣ್ಣೆ ಮಿಲ್ಲಿಗೆ ಹೋಗುತ್ತದೆ. ಎಣ್ಣೆಯಲ್ಲಿ ಇರುವುದು ಇಂಗಾಲ, ಜಲಜನಕ, ಆಮ್ಲಜನಕ. ಸಾರಜನಕ ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿಯನ್ನೂ ಬಳ್ಳಿಯನ್ನೂ ದನ ತಿನ್ನುತ್ತದೆ, ಸಗಣಿ ತಿಪ್ಪೆಗೆ ಬೀಳುತ್ತದೆ, ತಿಪ್ಪೆ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಹಾಗಾದರೆ ಶೇಂಗಾಕ್ಕೆ ಗೊಬ್ಬರವೇ ಬೇಡವಾ ಎಂದು ಕೇಳುವವರಿರುತ್ತಾರೆ. ಬೇಕು. ರಂಜಕವನ್ನು ಯಾವ ಬ್ಯಾಕ್ಟೀರಿಯಾವೂ ಗಾಳಿಯಿಂದ ತರುವುದಿಲ್ಲ. ಕಾಯಿ ತುಂಬಲು ಸುಣ್ಣದ ಅಂಶ ಬೇಕು, ರೈತರು ಜಿಪ್ಸಂ ಹಾಕುವುದು ಅದಕ್ಕೇ. ಸಾರಜನಕ ಮತ್ತೆ ಗಾಳಿಗೆ ಹೋಗುವ ಹಂತವನ್ನು ಮಾತ್ರ ಬಾಯಲ್ಲಿ ಹೇಳಿ ಮುಗಿಸುತ್ತೇನೆ. ನೀರು ನಿಂತ ಕೆಸರಿನಲ್ಲಿ ಅದು ನಡೆಯುತ್ತದೆ, ತೋರಿಸುವುದು ಕಷ್ಟ.

ಶೇಂಗಾ ಬೆಳೆಯದ ಊರಿನ ಮೇಷ್ಟ್ರು, ಮಿಸ್‌ಗಳು ಹೆಸರು ಅಥವಾ ಅಲಸಂದೆಯನ್ನು ಕುಂಡದಲ್ಲಿ ಹಾಕಿಸಬಹುದು. ಮಲೆನಾಡಿನವರಿಗೆ ಮುಟ್ಟಿದರೆ ಮುನಿ ಇದೆ, ಅದರ ಬೇರಿನಲ್ಲೂ ಗಂಟಿರುತ್ತವೆ. ಕಾಯಿಯ ಆಕಾರ ನೋಡಿ ಹುಣಸೆಯನ್ನೋ ತಂಗಡಿಯನ್ನೋ ಅಗೆಯಲು ಹೋಗಬೇಡಿ. ಅವೂ ಶೇಂಗಾದ ಕುಟುಂಬದವೇ, ಆದರೆ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ.