ಅವ್ವನ ಹೆಸರಿನ ಹತ್ತಿ ಸಿಸಿಐಗೆ ಕೊಟ್ಟಿದ್ದು ಹೆಂಗ

2025-26ರ ಹಂಗಾಮಿನಾಗ ಹತ್ತಿ ಸಿಸಿಐಗೆ (ಬೆಂಬಲ ಬೆಲೆಗೆ ಹತ್ತಿ ಕೊಳ್ಳೋ ಕೇಂದ್ರ ಸರ್ಕಾರದ ಹತ್ತಿ ನಿಗಮ) ಕೊಟ್ವಿ, ರೊಕ್ಕ ಸೀದಾ ಅವ್ವನ ಖಾತೆಗೆ ಬಂತು. ಹೆಂಗ ಮಾಡ್ದಿ ಅಂತ ಭಾಳ ಮಂದಿ ಕೇಳ್ಲಿಕ್ಹತ್ಯಾರ, ಅದಕ್ಕ ಒಂದೇ ಸಲ ಬರ್ದುಬಿಡ್ತೀನಿ. ನಮ್ದು ಯಾದಗಿರಿ ಜಿಲ್ಲೆ ಶಹಾಪುರ ಕಡೆ, ಹೊಲ ಅವ್ವನ ಹೆಸರಿಗದ. 2025-26ಕ್ಕ ಉದ್ದ ಎಳಿ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 8,110, ಮಧ್ಯಮ ಎಳಿಗೆ 7,710 ಇತ್ತು. ಊರಾಗಿನ ವ್ಯಾಪಾರಿ ಏಳು ಸಾವಿರದ ಒಳಗೇ ಕೇಳ್ತಿದ್ದ. ಅದರಾಗ 2025ರ ಆಗಸ್ಟಿನಾಗ ಕೇಂದ್ರದವ್ರು ಹತ್ತಿ ಆಮದಿನ ಮ್ಯಾಲಿನ 11% ಸುಂಕ ತೆಗ್ದು ಡಿಸೆಂಬರ್ ತನಕ ಹಂಗೇ ಬಿಟ್ರು, ರೇಟ್ ಏರ್ತದ ಅನ್ನೋ ಆಸೆನೂ ಹೋಯ್ತು.

ಆ ಸಲ ಸಿಸಿಐನ ಕಪಾಸ್ ಕಿಸಾನ್ ಆ್ಯಪ್‌ನಾಗ ಹೆಸರು ಹಚ್ಚಲಿಲ್ಲಂದ್ರ ಸಿಸಿಐ ಗೇಟಿನಾಗ ಕೆಲಸಿರ್ಲಿಲ್ಲ. ಆಧಾರ್, ಪಹಣಿ, ಎಷ್ಟು ಎಕರೆ ಹತ್ತಿ ಬಿತ್ತೀವಿ ಅನ್ನೋದಕ್ಕ ದಾಖಲೆ, ಫೋಟೊ ಇಷ್ಟ. ಕೇಳ್ಲಿಕ್ಕ ಸಸಾರ ಖರೆ, ಆದ್ರ ಒಟಿಪಿ ಬರೋದು ಆಧಾರ್‌ಗೆ ಜೋಡಿಸಿದ ನಂಬರಿಗೆ, ಅವ್ವನ ಆಧಾರ್‌ಗೆ ಯಾವ ನಂಬರೂ ಇರ್ಲಿಲ್ಲ. ಆಧಾರ್ ಸೆಂಟರಿಗೆ ಕರ್ಕೊಂಡು ಹೋದ್ರ ಬೆರಳು ತಗೊಳ್ಳವಲ್ದು, ಮಷೀನ್ ಒರೆಸಿ ಒರೆಸಿ ಇಟ್ರೂ ಕೆಂಪು ಲೈಟು, "ಎಪ್ಪಾ, ಕಾಯಿ ಮುಳ್ಳು ಚುಚ್ಚಿ ಚುಚ್ಚಿ ಈ ಬೆರಳಿನಾಗ ಗೆರಿನೇ ಉಳಿದಿಲ್ಲೋ" ಅಂದ್ಳು. ಕಡೀಕ ಎಡಗೈ ಉಂಗುರ ಬೆರಳು ಹತ್ತಿತು.

ಇನ್ನೊಂದು ತೊಡಕು ಬೆಳೆ ಸಮೀಕ್ಷೆದು, ಯಾವ ಹೊಲದಾಗ ಏನ್ ಬಿತ್ಯಾರ ಅಂತ ಸರ್ಕಾರದವ್ರು ಬರ್ಕೊಳ್ಳೋದು; ಹತ್ತಿ ಬಿತ್ತಿದ್ದಕ್ಕ ದಾಖಲೆ ಅಂದ್ರ ಅದೇ. ನಾವು ಹತ್ತಿ ನಡುವ ತೊಗರಿ ಸಾಲು ಬಿಡ್ತೀವಿ, ಸಮೀಕ್ಷೆಗೆ ಬಂದಾಂವ ಬದುವಿಗೆ ನಿಂತು ಫೋಟೊ ಹೊಡ್ಕೊಂಡು ಇಡೀ ಸರ್ವೆ ನಂಬರಿಗೆ ತೊಗರಿ ಅಂತ ಬರ್ಕೊಂಡು ಹೋಗಿದ್ದ. ಆ ಸಮೀಕ್ಷೆ ತೋರಿಸೋ ಬೆಳೆ ದರ್ಶಕ ಆ್ಯಪ್‌ನಾಗ ನೋಡಿದ್ಮ್ಯಾಲೆ ಗೊತ್ತಾತು, ಅದರಾಗೇ ಆಕ್ಷೇಪಣೆ ಹಾಕಿ ರೈತ ಸಂಪರ್ಕ ಕೇಂದ್ರಕ್ಕೂ ಹೇಳಿ ಬಂದೆ. ಇದನ್ನ ಹತ್ತಿ ಒಡಿಯೋಕ್ಕಿಂತ ಮೊದ್ಲೇ ನೋಡ್ಕೊಳ್ರಿ, ಮಾರೋ ಹೊತ್ತಿಗೆ ಓಡ್ಯಾಡಿದ್ರ ಯಾರೂ ಕೈಗೆ ಸಿಗಂಗಿಲ್ಲ. 2025ರ ಸಪ್ಟೆಂಬರ್ ಮಳಿಗೆ ಹಾಳಾದ ಬೆಳೆ ಪರಿಹಾರಕ್ಕೂ ಇದೇ ದಾಖಲೆ ನೋಡಿದ್ರು.

ಬ್ಯಾಂಕಿಂದು ಬ್ಯಾರೆ ಕಥಿ. ರೊಕ್ಕ ಬರೋದು ನೀವು ಕೊಟ್ಟ ಪಾಸ್‌ಬುಕ್ಕಿಗಲ್ಲ, ಆಧಾರ್ ಯಾವ ಖಾತೆಗೆ ಜೋಡಣೆ ಆಗೇದೋ ಅದಕ್ಕ. ಆಧಾರ್ ವೆಬ್‌ಸೈಟಿನಾಗ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಅದ, ಅಲ್ಲಿ ನೋಡಿದ್ರ ಅವ್ವನದು ಉದ್ಯೋಗ ಖಾತ್ರಿಗೆ ತೆಗ್ಸಿದ ಹಳೆ ಖಾತೆ ತೋರಿಸ್ತು, ಬ್ಯಾಂಕಿಗೆ ಹೋಗಿ ಫಾರ್ಮ್ ಕೊಟ್ಟು ಬದಲಿ ಮಾಡಿಸಿದ್ವಿ.

ಇನ್ನ ತೇವಾಂಶ. 8% ಇದ್ರ ಪೂರ್ತಿ ರೇಟು, ಅದರ ಮ್ಯಾಲೆ ಒಂದೊಂದು ಪರ್ಸೆಂಟಿಗೆ ಕ್ವಿಂಟಲಿಗೆ 81 ರೂಪಾಯಿ ಚಿಲ್ಲರೆ ಕಟ್ ಇತ್ತು, 12 ದಾಟಿತಂದ್ರ ಗಾಡಿ ವಾಪಸ್. ಇಬ್ಬನಿ ಆರೋ ತನಕ ನಾವು ಬಿಡಿಸ್ಲಿಲ್ಲ, ಬಿಡಿಸಿದ್ದನ್ನ ತಾಡಪತ್ರಿ ಮ್ಯಾಲೆ ಹರವಿ ತಿರುವಿ ಒಣಗ್ಸಿದ್ವಿ. ಸಿಸಿಐನವ್ರು ಹತ್ತಿ ಕೊಳ್ಳೋ ಜಿನ್ನಿಂಗ್ ಮಿಲ್‌ನಾಗ (ಹತ್ತಿಯಿಂದ ಬೀಜ ಬಿಡಿಸೋ ಗಿರಣಿ) ಅವ್ರು ಮ್ಯಾಲಿಂದು ನೋಡಂಗಿಲ್ಲ, ಗಾಡಿ ನಡುವ ಮೊಳಕೈ ತನಕ ಕೈ ಹಾಕಿ ಹಿಡಿ ಹತ್ತಿ ಕಿತ್ತು ಮೀಟರಿಗೆ ಹಚ್ತಾರ. ನಮ್ದು 9 ತೋರಿಸ್ತು. 81 ರೂಪಾಯಿ ಹೋತು, ಆದ್ರೂ ವ್ಯಾಪಾರಿ ರೇಟಿಗೂ ಇದಕ್ಕೂ ಸಾವಿರದ ಮ್ಯಾಲೆ ಫರಕು.

ಇಷ್ಟೆಲ್ಲ ಹೇಳಿದ್ರೂ ಎಲ್ಲಾರಿಗೂ ಇದು ಆಗಂಗಿಲ್ಲ ಅಂತ ನಂಗೊತ್ತದ. ಬೀಜ ಗೊಬ್ಬರ ಉದ್ರಿ ತಂದವ್ರು ಅದೇ ಅಂಗಡಿಗೇ ಹತ್ತಿ ಹಾಕ್ಬೇಕು, ಆ್ಯಪ್‌ನಾಗ ಸ್ಲಾಟ್ (ಹತ್ತಿ ತರ್ಲಿಕ್ಕ ಗೊತ್ತು ಮಾಡಿದ ದಿನ) ಬರೋ ತನಕ ಸಾಹುಕಾರ ಕಾಯಂಗಿಲ್ಲ. ಹೊಲ ಲೀಜಿಗೆ ಹಿಡಿದವ್ರದಂತೂ ಪಹಣಿನಾಗ ಹೆಸರೇ ಇಲ್ಲ, ಮಾಲೀಕ ಒಪ್ಪಿದ್ರ ಅವ್ನ ಹೆಸರಿಲೇ ಮಾರಿ ರೊಕ್ಕ ಅವ್ನ ಕಡಿಂದ ಇಸ್ಕೋಬೇಕು. ನಮ್ ಬಾಜೂ ಹೊಲದಾಂವ ಹಂಗೇ ಮಾಡ್ಯಾನ, ಪರಿಹಾರದ ರೊಕ್ಕ ಮಾತ್ರ ಮಾಲೀಕ ಬಿಟ್ಟುಕೊಡ್ಲಿಲ್ಲ.