ಮೈಸೂರು ಕ್ರೇಪ್ ಮೇಲೆ ಗವಂತಿ ಕೂರಿಸಿದ ಬಗೆ: ನನ್ನ ಅನುಭವ

ಮೈಸೂರು ಕ್ರೇಪ್ ರೇಷ್ಮೆಯ ಮೇಲೆ ಎಣಿಕೆಯ ಕಸೂತಿ ಕೂರುವುದಿಲ್ಲ ಎಂಬ ಮಾತನ್ನು ನಾನು ಸೂಜಿ ಹಿಡಿದಾಗಿನಿಂದಲೂ ಕೇಳುತ್ತ ಬಂದಿದ್ದೇನೆ. ಹಾಗೆ ಹೇಳಿದವರೆಲ್ಲ ಕೈ ಪಳಗಿದವರೇ ಆಗಿದ್ದರು. ಅವರ ಮಾತಿಗೆ ಕಾರಣವೂ ಇತ್ತು. ಆದರೂ ಈಗ ನನ್ನ ಬಳಿ ಗೋಪುರದ ಸಾಲು ಮತ್ತು ತುಳಸಿ ಬೃಂದಾವನಗಳಿರುವ ಒಂದು ಕ್ರೇಪ್ ಸೆರಗು ಇದೆ. ಅದರ ಮುಂಭಾಗ ಹಿಂಭಾಗಗಳಲ್ಲಿ ಗವಂತಿಯ, ಅಂದರೆ ಹೋದ ದಾರಿಯಲ್ಲೇ ಹಿಂದಿರುಗಿ ಬಂದು ತುಂಬಿಸುವ ಕಸೂತಿ ಹೊಲಿಗೆಯ, ಗೆರೆ ಒಂದೇ ಸಮನಾಗಿ ಕಾಣುತ್ತದೆ, ಎಲ್ಲಿಯೂ ಗಂಟಿಲ್ಲ, ಹಲವು ಸಲ ಡ್ರೈಕ್ಲೀನ್‌ಗೆ ಹೋಗಿ ಬಂದರೂ ಬಟ್ಟೆ ಸುಕ್ಕುಗಟ್ಟಿಲ್ಲ. ಈ ಕೆಲಸ ಸಾಧ್ಯವಾದದ್ದು ನಮ್ಮ ಗೆಳತಿಯರ ಗುಂಪಿನಲ್ಲಿ ಕೈಯಿಂದ ಕೈಗೆ ಓಡಾಡುವ ತುಂಡುಬಟ್ಟೆಗಳಿಂದ. ಆದ್ದರಿಂದ ಎರಡನ್ನೂ ಒಟ್ಟಿಗೆ ಹೇಳಬೇಕಾಗಿದೆ.

ಕಸೂತಿ ಹಾಕುವವರಿಗೆ ಇಳಕಲ್ ಸೀರೆಯ ಎಳೆಗಳು ಎಷ್ಟು ಅನುಕೂಲವೆಂಬುದು ಗೊತ್ತೇ ಇದೆ. ಅಲ್ಲಿ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎರಡೂ ಕಣ್ಣಿಗೆ ಕಾಣುತ್ತವೆ; ಎಣಿಸಿ ಚುಚ್ಚಬಹುದು. ಮೈಸೂರು ಕ್ರೇಪ್‌ನಲ್ಲಿ ಹಾಸಿನ ಎಳೆಗೆ ಹುರಿ ಇಲ್ಲವೆಂದೇ ಹೇಳಬಹುದು, ಹೊಕ್ಕಿನ ಎಳೆಗೆ ವಿಪರೀತ ಹುರಿ. ಅದರಲ್ಲಿಯೂ ಬಲಹುರಿ ಮತ್ತು ಎಡಹುರಿಯ ಎಳೆಗಳನ್ನು ಸರದಿಯಂತೆ ನೇಯುತ್ತಾರೆ. ರೇಷ್ಮೆಯ ಅಂಟು ಬಿಡಿಸಿದಾಗ ಆ ಹೊಕ್ಕು ಮುದುರಿಕೊಂಡು ಬಟ್ಟೆಗೆ ಅದರ ಮೃದುವಾದ ತರಿಯೂ ಜೋಲೂ ಬರುತ್ತವೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ನಮ್ಮೂರು ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗಳಿಗೆ ಹೆಸರು ಬಂದದ್ದು ಈ ಗುಣದಿಂದಲೇ. ಕಸೂತಿಗೆ ಅಡ್ಡಿಯಾಗುವುದೂ ಇದೇ ಗುಣ. ಎಳೆ ಎಣಿಸಲು ಬರುವುದಿಲ್ಲ, ಎಣಿಸಿದರೂ ಹೊಕ್ಕಿನ ದಿಕ್ಕಿನಲ್ಲಿ ಬಟ್ಟೆ ಹಿಗ್ಗುತ್ತದೆ, ರಿಂಗ್‌ನಲ್ಲಿ ಬಿಗಿದು ಹಾಕಿದ ಹೊಲಿಗೆ ರಿಂಗ್ ತೆಗೆದೊಡನೆ ಸಡಿಲವಾಗಿ ಹಾವಿನಂತೆ ಅಂಕುಡೊಂಕಾಗುತ್ತದೆ.

ನಮ್ಮ ಗುಂಪು ದೊಡ್ಡದಲ್ಲ. ಸರಸ್ವತೀಪುರಂ, ಕುವೆಂಪುನಗರ, ಚಾಮುಂಡಿಪುರಂ ಕಡೆಯ ಏಳೆಂಟು ಜನ ಸೇರಿ ಮಧ್ಯಾಹ್ನದ ಹೊತ್ತು ಯಾರದಾದರೂ ಮನೆಯಲ್ಲಿ ಕೂರುತ್ತೇವೆ. ಸೀರೆ ಕುಚ್ಚು ಹಾಕುವವರು ಇಬ್ಬರು, ಕೊಕ್ಕೆಸೂಜಿಯ ಆರಿ ಕೆಲಸದವರು ಒಬ್ಬರು, ಕ್ರೋಶಾ ಮಾಡುವವರು ಇದ್ದಾರೆ. ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದು ನೆಲೆಸಿದ ಹಿರಿಯರೊಬ್ಬರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತೇವೆ. ಕಸೂತಿಯ ಹೊಲಿಗೆಗಳಾದ ಗವಂತಿ, ಮೆಟ್ಟಿಲಿನಂತೆ ಸಾಗುವ ಮುರಗಿ, ನೇಯ್ದಂತೆ ಕಾಣುವ ನೇಯ್ಗೆ, ಅಡ್ಡಗೀಟಿನ (X) ಮೆಂತೆ ನಾಲ್ಕನ್ನೂ ನಮಗೆ ತಿದ್ದಿ ಕಲಿಸಿದವರು ಅವರು. ಮೊದಲು ನಾವು ಮೊಬೈಲಿನಲ್ಲಿ ಚಿತ್ರ ಕಳುಹಿಸಿಕೊಳ್ಳುತ್ತಿದ್ದೆವು. ಚಿತ್ರದಲ್ಲಿ ಹಿಂಭಾಗ ಕಾಣುವುದಿಲ್ಲ, ದಾರದ ಬಿಗಿ ತಿಳಿಯುವುದಿಲ್ಲ, ಎಲ್ಲರ ಕೆಲಸವೂ ಒಂದೇ ರೀತಿ ಚೆನ್ನಾಗಿ ತೋರುತ್ತದೆ. ಕಸೂತಿಯ ಯೋಗ್ಯತೆ ತಿಳಿಯುವುದು ಬಟ್ಟೆಯನ್ನು ಮಗುಚಿದಾಗ. ಹಾಗಾಗಿ ನಾನೊಂದು ಕಟ್ಟಳೆ ತಂದೆ: ಯಾವ ಉಪಾಯ ಹೇಳಬೇಕಾದರೂ ಅದನ್ನು ಅಂಗೈಯಗಲದ ಬಟ್ಟೆಯ ಮೇಲೆ ಹಾಕಿ ತರಬೇಕು, ದಾರ ಎಷ್ಟು ಎಳೆ, ಸೂಜಿ ಯಾವ ನಂಬರು, ಬಟ್ಟೆ ಯಾವುದು ಎಂದು ಚೀಟಿ ಹೊಲಿದಿರಬೇಕು, ಕೆಟ್ಟುಹೋದ ತುಂಡನ್ನೂ ಎಸೆಯದೆ ಕೆಟ್ಟದ್ದೇಕೆ ಎಂದು ಬರೆದು ಡಬ್ಬಕ್ಕೆ ಹಾಕಬೇಕು. ಮೈಸೂರು ಪಾಕಿನ ಹಳೆಯ ತಗಡಿನ ಡಬ್ಬವೊಂದು ವಾರಕ್ಕೊಬ್ಬರ ಮನೆಯಲ್ಲಿ ಇರುತ್ತದೆ. ಹೀಗೆ ಮಾಡಿದರೆ ನಮ್ಮ ಗಿರಾಕಿಗಳು ಕೈತಪ್ಪುತ್ತಾರೆ ಎಂದು ಇಬ್ಬರು ಮೊದಲ ಕೆಲವು ತಿಂಗಳು ಖಾಲಿ ಕೈಯಲ್ಲಿ ಬಂದು ಹೋದರು.

ಕ್ರೇಪ್‌ಗೆ ಸಂಬಂಧಿಸಿದ ಕೆಟ್ಟ ತುಂಡುಗಳೇ ಆ ಡಬ್ಬದಲ್ಲಿ ಹೆಚ್ಚು, ಬಹುಪಾಲು ನನ್ನವೇ. ಮೊದಲ ದಾರಿ ಎಲ್ಲರೂ ಹಿಡಿಯುವಂಥದು: ಬಟರ್ ಪೇಪರ್ ಮೇಲೆ ಗ್ರಾಫಿನಂತೆ ಚುಕ್ಕಿ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಒರೆಸಿ ಅಚ್ಚು ಇಳಿಸುವುದು. ಆರಿಗೆ ಇದು ಸಾಕು. ಗವಂತಿಗೆ ಸಾಲದು, ಏಕೆಂದರೆ ಕ್ರೇಪ್‌ನ ತರಿಯ ಮೇಲೆ ಚುಕ್ಕಿ ಹರಡುತ್ತದೆ; ಅರ್ಧ ಎಳೆಯಷ್ಟು ಹೆಚ್ಚುಕಡಿಮೆಯಾದರೂ ಹಿಂದಿರುಗಿ ಬರುವ ಹೊಲಿಗೆ ಮೊದಲಿನ ರಂಧ್ರಕ್ಕೆ ಸೇರದೆ ಗೆರೆ ಒಡೆಯುತ್ತದೆ. ತಿಳಿ ಬಣ್ಣದ ರವಿಕೆ ಕಣವೊಂದರ ಮೇಲೆ ಎಣ್ಣೆಯ ಕಲೆಯೂ ಉಳಿಯಿತು. ಆ ಕಣದ ಬೆಲೆ ಸುಮಾರು ಎರಡು ಸಾವಿರ.

ಎರಡನೆಯದು, ಮೇಲೆ ಕಚ್ಚಾ ಹೊಲಿಗೆ ಹಾಕಿ ಕೊನೆಗೆ ಎಳೆ ಎಳೆಯಾಗಿ ಕಿತ್ತು ತೆಗೆಯುವ, ಅಂಟು ಹಾಕಿದ ವಿದೇಶಿ ಕ್ಯಾನ್ವಾಸ್. ಒಂದು ಕರ್ಚೀಫಿನಷ್ಟು ಅಳತೆಗೆ ನಾನೂರು ಐನೂರು ರೂಪಾಯಿ ಕೊಟ್ಟ ನೆನಪು. ಅದರ ಎಳೆಗಳ ನಡುವಿನ ಮನೆಗಳು ಬಹಳ ಚೊಕ್ಕವಾಗಿರುತ್ತವೆ, ಹೊಲಿಗೆಯೂ ಚೆನ್ನಾಗಿ ಬರುತ್ತದೆ. ಆದರೆ ಅದರ ಅಂಟು ಬಿಡಬೇಕಾದರೆ ನೀರು ತಾಗಿಸಬೇಕು, ನೀರು ತಾಗಿದ ಕಡೆ ಕ್ರೇಪ್ ಮುದುರುತ್ತದೆ. ಹೊಲಿಗೆ ಸರಿಯಾಗಿದ್ದು ಬಟ್ಟೆ ಹಾಳಾದ ತುಂಡು ಅದು. ಎಣಿಸಲು ಬರುವ ದಪ್ಪ ನೇಯ್ಗೆಯ ಮ್ಯಾಟಿ ಬಟ್ಟೆಯನ್ನು ಮೇಲಿಟ್ಟು ನೋಡಿದೆ. ಅದು ಅಗ್ಗ, ಒಣಗಿದ್ದಂತೆಯೇ ಕಿತ್ತು ತೆಗೆಯಬಹುದು. ಆದರೆ ಅದರ ದಪ್ಪದಷ್ಟು ದಾರ ಪ್ರತಿ ಹೊಲಿಗೆಯಲ್ಲಿಯೂ ಹೆಚ್ಚಾಗಿ ನಿಂತು, ಮ್ಯಾಟಿ ತೆಗೆದ ಮೇಲೆ ಗೋಪುರವೆಲ್ಲ ಬಟ್ಟೆಯ ಮೇಲೆ ಎದ್ದು ತೂಗಾಡಿತು. ಮೆಂತೆಗೆ ಈ ದೋಷ ಅಷ್ಟಾಗಿ ಕಾಣುವುದಿಲ್ಲ, ಗವಂತಿಗೆ ಮಾತ್ರ ಕ್ಷಮೆಯಿಲ್ಲ.

ಬ್ಯಾಂಡೇಜಿಗೆ ಬಳಸುವ ಗಾಜ್ ಬಟ್ಟೆ ತೆಳ್ಳಗಿದೆಯಲ್ಲ ಎಂದು ಸಲಹೆ ಕೊಟ್ಟವರು ಕ್ರೋಶಾ ಗೆಳತಿ. ಅದರಲ್ಲಿ ಎರಡು ತೊಡಕು. ಹಾಸು ಹೊಕ್ಕುಗಳ ಸಂಖ್ಯೆ ಸಮನಾಗಿಲ್ಲದ್ದರಿಂದ ಚೌಕವಾಗಬೇಕಾದ ಬೃಂದಾವನ ಕುಳ್ಳಾಯಿತು. ಮುಟ್ಟಿದರೆ ಎಳೆಗಳು ಜರುಗುವುದರಿಂದ ಎಣಿಕೆ ನಿಲ್ಲಲಿಲ್ಲ. ಆದರೂ ತೆಗೆದ ಮೇಲೆ ಗೆರೆ ಬಟ್ಟೆಗೆ ಅಂಟಿದಂತೆ ಕುಳಿತಿತ್ತು. ನಾನು ಬಹಳ ಹೊತ್ತು ನೋಡಿದ್ದು ಆ ತುಂಡನ್ನೇ. ಆಮೇಲೆ ಅಳತೆಪಟ್ಟಿ ಮತ್ತು ಭೂತಗನ್ನಡಿ ಹಿಡಿದು ಶಿವರಾಂಪೇಟೆಯಿಂದ ಸಂತೆಪೇಟೆಯವರೆಗೆ ಜಾಳು ಬಟ್ಟೆಗಳನ್ನು ಎಣಿಸುತ್ತ ಹೋದೆ. ಪನೀರ್ ಸೋಸಲು ಮಾರುವ ಒಂದು ಬಗೆಯ ಹತ್ತಿ ಬಟ್ಟೆಯಲ್ಲಿ ಎರಡೂ ದಿಕ್ಕಿಗೆ ಇಂಚಿಗೆ ಸುಮಾರು 24 ಎಳೆ ಸಿಕ್ಕಿತು. ಎರಡು ಎಳೆಗೆ ಒಂದು ಹೊಲಿಗೆ ಎಂದರೆ ಇಂಚಿಗೆ 12 ಹೊಲಿಗೆ. ಕ್ರೇಪ್‌ಗೆ ಅದು ತಕ್ಕ ಅಳತೆ. ಮೀಟರಿಗೆ ನಲವತ್ತೋ ಐವತ್ತೋ ರೂಪಾಯಿ. ಅಂಗಡಿ ಯಾವುದೆಂದು ಗುಂಪಿನ ಹೊರಗೆ ನಾನು ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಒಂದೇ ಥಾನಿನಲ್ಲಿ ಬರುವ ಸರಕು, ಮುಗಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಜರುಗುವ ಎಳೆಗಳನ್ನು ನಿಲ್ಲಿಸಿದ್ದು ಅಕ್ಕಿ ಗಂಜಿ. ಜಾಳು ಬಟ್ಟೆಯನ್ನು ಮರದ ಚೌಕಟ್ಟಿಗೆ ನೇರವಾಗಿ ಎಳೆದು ಕಟ್ಟಿ, ತೆಳು ಗಂಜಿ ಸವರಿ, ನೆರಳಿನಲ್ಲಿ ಒಣಗಿಸಿದರೆ ಮನೆಗಳು ಚೌಕವಾಗಿ ನಿಲ್ಲುತ್ತವೆ. ಪೂರ್ತಿ ಒಣಗಿದ ಮೇಲೆಯೇ ರೇಷ್ಮೆಗೆ ತಾಗಿಸಬೇಕು. ಕೆಲಸ ಮುಗಿದ ಮೇಲೆ ಬೆರಳುಗಳ ನಡುವೆ ಮೆಲ್ಲಗೆ ಹೊಸೆದರೆ ಒಣ ಗಂಜಿ ಬಿರುಕು ಬಿಟ್ಟು ಉದುರುತ್ತದೆ, ನೀರೇ ಬೇಕಾಗುವುದಿಲ್ಲ. ಗಂಜಿ ದಪ್ಪವಾದರೆ ಎಳೆಗಳು ಒಂದಕ್ಕೊಂದು ಹಿಡಿದುಕೊಂಡು ರೇಷ್ಮೆಯನ್ನು ಸೀಳುತ್ತವೆ. ತೀರ ತೆಳುವಾದರೆ ಮಳೆಗಾಲದ ತೇವಕ್ಕೇ ಸಡಿಲವಾಗುತ್ತದೆ. ಎಷ್ಟು ನೀರು, ಅದರಲ್ಲಿ ಇನ್ನೇನು ಸೇರಿಸಬೇಕು ಎಂಬುದನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಕೈ ಪಳಗಿದವರಿಗೆ ನಾಲ್ಕಾರು ತುಂಡುಗಳಲ್ಲಿ ಅದು ಸಿಕ್ಕೇ ಸಿಗುತ್ತದೆ.

ಇಷ್ಟಾದರೂ ಹಿಗ್ಗುವ ಸಮಸ್ಯೆ ಉಳಿದಿತ್ತು. ಅದಕ್ಕೆ ಉತ್ತರ ಡಬ್ಬದಲ್ಲೇ ಇತ್ತು. ಆರಿ ಗೆಳತಿ ಹಾಕಿದ್ದ ಒಂದು ಸಣ್ಣ ಕ್ರೇಪ್ ತುಂಡು ಮಾತ್ರ ಎಳ್ಳಷ್ಟೂ ಸುಕ್ಕುಗಟ್ಟಿರಲಿಲ್ಲ. ಚೀಟಿಯಲ್ಲಿ, ತುಂಡು ಚೌಕಟ್ಟಿಗೆ ಸಾಲದ್ದರಿಂದ ಬೇರೆ ಬಟ್ಟೆಗೆ ಕೂಡಿಸಿ ಕಟ್ಟಿದ್ದು ಎಂದು ಬರೆದಿದ್ದರು. ಚೌಕಟ್ಟಿನ ಬಿಗಿ ಆ ಹೊರಬಟ್ಟೆಯ ಮೇಲಿತ್ತು, ಕ್ರೇಪ್ ತನ್ನ ಪಾಡಿಗೆ ಇತ್ತು. ಅಂದಿನಿಂದ ನಾನು ಕ್ರೇಪ್ ಅನ್ನು ಚೌಕಟ್ಟಿಗೆ ಕಟ್ಟುವುದನ್ನೇ ಬಿಟ್ಟೆ. ಚೌಕಟ್ಟಿನಲ್ಲಿ ಬಿಗಿದಿರುವ ಜಾಳು ಬಟ್ಟೆಯನ್ನು ಮಗುಚಿಟ್ಟು, ಅದರ ಬೆನ್ನಿಗೆ ಸೆರಗನ್ನು ಎಳೆಯದೆ, ಹಾಸಿನ ನೇರಕ್ಕೆ ಹೊಂದಿಸಿ ಹಾಸಿ, ಅರ್ಧ ಇಂಚಿಗೊಂದರಂತೆ ರೇಷ್ಮೆ ದಾರದಲ್ಲಿ ಕಚ್ಚಾ ಹೊಲಿಗೆ ಹಾಕುತ್ತೇನೆ. ಉಳಿದ ಸೀರೆಯನ್ನು ಮಡಚಿ ಹಳೆಯ ಪಂಚೆಯಲ್ಲಿ ಸುತ್ತಿ ಚೌಕಟ್ಟಿನ ಪಕ್ಕಕ್ಕೆ ಕಟ್ಟುತ್ತೇನೆ. ಅದರ ಭಾರ ಹೊಲಿಗೆಯ ಜಾಗಕ್ಕೆ ಬೀಳಬಾರದು.

ಸೂಜಿ 10ನೇ ನಂಬರು, ಚೂಪಾದದ್ದು. ಕ್ಯಾನ್ವಾಸಿಗೆಂದು ಮೊಂಡು ಸೂಜಿ ಬಳಸಿದರೆ ಕ್ರೇಪ್‌ನ ಎಳೆ ಹರಿಯುತ್ತದೆ. ಚೂಪು ಸೂಜಿ ಜಾಳು ಬಟ್ಟೆಯ ಎಳೆಯನ್ನು ಸೀಳದಂತೆ ಮನೆಯ ನಡುವೆಯೇ ನೆಟ್ಟಗೆ ಇಳಿಸಬೇಕು, ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಸೀಳಿದ ಎಳೆ ಕೊನೆಯಲ್ಲಿ ಹೊರಗೆ ಬರುವುದಿಲ್ಲ. ಆರೆಳೆಯ ಹತ್ತಿ ಲಡಿಯಿಂದ ಗವಂತಿ ಮತ್ತು ಮುರಗಿಗೆ ಎರಡು ಎಳೆ, ಮೆಂತೆಗೆ ಒಂದೇ ಎಳೆ. ಕೃತಕ ರೇಷ್ಮೆ ದಾರ ಹೊಳೆಯುತ್ತದೆ, ಆದರೆ ಜಾರಿ ಹಿಂದಿನ ಹೊಲಿಗೆಯನ್ನೂ ಸಡಿಲಿಸುತ್ತದೆ. ಅದನ್ನು ಕುಚ್ಚಿಗೇ ಬಿಡುವುದು ಒಳ್ಳೆಯದು. ಕೆಂಪು, ಕಪ್ಪು, ಕಡುನೀಲಿ ಲಡಿಗಳನ್ನು ಬಿಸಿ ನೀರಿನಲ್ಲಿ ಅದ್ದಿ ಬಿಳಿ ಬಟ್ಟೆಯ ನಡುವೆ ಒತ್ತಿ, ಬಣ್ಣ ಬಿಡುವುದು ನಿಂತ ಮೇಲೆಯೇ ಸೂಜಿಗೆ ಪೋಣಿಸುತ್ತೇನೆ. ಎಳೆ ಕೀಳುವಾಗ ಚಿತ್ರದ ಅಂಚಿಗೆ ಹತ್ತಿರವಾಗಿ ಕತ್ತರಿಸಿ, ಗಿಡ್ಡ ದಿಕ್ಕಿನ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಬಟ್ಟೆಗೆ ಸಮತಲವಾಗಿ ಎಳೆಯಬೇಕು. ಒಂದು ದಿಕ್ಕು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ. ಈ ಕೆಲಸಕ್ಕೆ ಹೊಲಿಗೆಯ ಕಾಲುಭಾಗದಷ್ಟು ಹೊತ್ತು ಬೇಕು, ದರ ಹೇಳುವಾಗ ಇದನ್ನು ಮರೆಯಬಾರದು.

ಮೊದಲ ಸೆರಗನ್ನು ಕೈಗೆ ಕೊಡುವ ಮೊದಲೇ ಅಕ್ಕ ಕೇಳಿದ್ದರು: "ಬಟ್ಟಿ ಎಳಿ ಎಣಿಸದ ಹಾಕಿದ್ದು ಕಸೂತಿ ಹ್ಯಾಂಗ ಆಗತದವಾ?" ಅವರ ಪ್ರಶ್ನೆಗೆ ತೂಕವಿದೆ. ಎಣಿಕೆಯಿಲ್ಲದೆ ಅಚ್ಚಿನ ಮೇಲೆ ಹಾಕಿದ್ದನ್ನು ನಾನೂ ಕಸೂತಿ ಎನ್ನುವುದಿಲ್ಲ. ಇಲ್ಲಿ ಎಣಿಕೆ ಉಂಟು, ಎಣಿಸುವ ಎಳೆ ಮಾತ್ರ ಬೇರೆ ಬಟ್ಟೆಯದು. ಅಕ್ಕ ಸೆರಗನ್ನು ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು, ಗೋಪುರದ ತುದಿಯಿಂದ ದಾರ ಹಿಂದಿರುಗಿದ ದಾರಿಯನ್ನು ಉಗುರಿನಿಂದ ಹುಡುಕಿದರು. ಸಿಗಲಿಲ್ಲ. ಮುಂದಿನ ವಾರ ತಮ್ಮ ಸೊಸೆಯ ಕ್ರೇಪ್ ಸೀರೆಯನ್ನು ತಂದು ಆನೆ ಅಂಬಾರಿ ಹಾಕಿಕೊಡಲು ಹೇಳಿದರು. ನನಗೆ ಅದಕ್ಕಿಂತ ದೊಡ್ಡ ಒಪ್ಪಿಗೆ ಬೇಕಿರಲಿಲ್ಲ.

ಹಣದ ಮಾತು. ಕಣ, ಕ್ಯಾನ್ವಾಸ್, ದಾರ, ಓಡಾಟ ಸೇರಿ ಪ್ರಯೋಗಗಳಿಗೆ ಏಳೆಂಟು ಸಾವಿರ ಹೋಗಿರಬಹುದು. ಬಟ್ಟೆಯಂಗಡಿಯವರೊಬ್ಬರು ಇದೇ ಚಿತ್ರವನ್ನು ಯಂತ್ರದಲ್ಲಿ ಆರುನೂರಕ್ಕೆ ಹಾಕಿಸುತ್ತೇನೆ ಎಂದು ನನ್ನ ಮಾದರಿಯನ್ನು ಮೇಜಿನ ಮೇಲೆ ತಳ್ಳಿದ್ದರು. ಯಂತ್ರದ ಕೆಲಸದ ಹಿಂಭಾಗವನ್ನು ಅವರು ಗಿರಾಕಿಗೆ ತೋರಿಸಲಾರರು. ಈಗ ರವಿಕೆಯ ತೋಳು ಮತ್ತು ಕೊರಳಪಟ್ಟಿಗೆ ಮೂರೂವರೆ ಸಾವಿರದವರೆಗೆ, ಪೂರ್ತಿ ಸೆರಗಿಗೆ ಹದಿನೈದು ಸಾವಿರದ ಆಸುಪಾಸು ತೆಗೆದುಕೊಳ್ಳುತ್ತೇನೆ. ಸೆರಗಿಗೆ ಒಂದೂವರೆ ತಿಂಗಳು ಹಿಡಿಯುವುದರಿಂದ ಇದು ದುಬಾರಿಯೇನಲ್ಲ. ಉಪಾಯ ಹಂಚಿಕೊಂಡರೆ ಗಿರಾಕಿ ಹೋಗುತ್ತಾರೆ ಎಂದಿದ್ದರಲ್ಲ, ನನಗೆ ಬರುವ ಕೆಲಸದಲ್ಲಿ ಅರ್ಧದಷ್ಟು ಕುಚ್ಚಿನ ಗೆಳತಿಯರ ಕಡೆಯಿಂದಲೇ ಬರುತ್ತದೆ. ನಾನೂ ಅವರಿಗೆ ಸೀರೆ ಕಳುಹಿಸುತ್ತೇನೆ. ಖಾಲಿ ಕೈಯಲ್ಲಿ ಬರುತ್ತಿದ್ದ ಇಬ್ಬರ ಚೀಟಿಗಳೂ ಈಗ ಡಬ್ಬದಲ್ಲಿವೆ.

ಕುಚ್ಚಿನವರ ಜೊತೆಗೆ ಕುಳಿತಾಗ ಹುಟ್ಟಿದ ಇನ್ನೊಂದು ಪ್ರಯೋಗವನ್ನೂ ಹೇಳಬೇಕು. ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಹಾಸಿನ ಎಳೆಗಳನ್ನು ಕುಚ್ಚು ಹಾಕುವಾಗ ಸಮ ಮಾಡಿ ಕತ್ತರಿಸುತ್ತಾರೆ. ಆ ಎಳೆಗಳನ್ನು ಕೇಳಿ ತಂದು, ನಾಲ್ಕೈದನ್ನು ಸೇರಿಸಿ ತೊಡೆಯ ಮೇಲೆ ಹುರಿ ಮಾಡಿ, ಅದೇ ಸೀರೆಯ ಮೇಲೆ ಮುರಗಿ ಹಾಕಿದೆ. ಬಣ್ಣ ಸೀರೆಯದೇ ಆದ್ದರಿಂದ ಚಿತ್ರ ನೆರಳಿನಂತೆ ಮೂಡುತ್ತದೆ, ಬೆಳಕು ಬಿದ್ದ ಕಡೆ ಮಾತ್ರ ಗೆರೆ ಕಾಣುತ್ತದೆ. ತುಂಡುಗಳು ಗೇಣುದ್ದವೂ ಇರುವುದಿಲ್ಲ, ಹತ್ತು ಹೊಲಿಗೆಗೊಮ್ಮೆ ದಾರ ಕೂಡಿಸಬೇಕು. ಸಣ್ಣ ನಕ್ಷತ್ರ, ತೊಟ್ಟಿಲು ಮಟ್ಟಕ್ಕೆ ಸರಿ, ಅಂಬಾರಿಗೆ ಆಗದು. ಮಂಡ್ಯದ ಒಬ್ಬ ಗಿರಾಕಿಗೆ ಇದೇ ಬಗೆಯ ರವಿಕೆ ಬೇಕೆಂದು ಕುಚ್ಚಿನ ಗೆಳತಿ ಈಗ ಎಳೆಗಳನ್ನು ಉದ್ದವಾಗಿಯೇ ಕತ್ತರಿಸಿ ಕೂಡಿಡುತ್ತಿದ್ದಾರೆ.

ಜರಿ ಅಂಚಿನ ಮೇಲೆ ಮಾತ್ರ ಈ ವಿಧಾನವನ್ನು ಬಳಸಬೇಡಿ. ಕಿತ್ತು ತೆಗೆಯುವ ಎಳೆ ಜರಿಗೆ ಸಿಕ್ಕಿ ಅದನ್ನು ಕುಣಿಕೆಯಾಗಿ ಎಬ್ಬಿಸುತ್ತದೆ, ಮತ್ತೆ ಕೂರಿಸಲಾಗುವುದಿಲ್ಲ. ಅಂಚಿನಿಂದ ಅರ್ಧ ಇಂಚು ಬಿಟ್ಟು ಒಳಗೇ ಸಾಲು ನಿಲ್ಲಿಸುತ್ತೇನೆ. ಹಳೆಯ ಸೀರೆಗಳಲ್ಲಿ ಮಡಿಕೆ ಬಿದ್ದ ಗೆರೆಯನ್ನೂ ತಪ್ಪಿಸುತ್ತೇನೆ, ಅಲ್ಲಿ ಹಾಸು ಸವೆದಿರುತ್ತದೆ. ಗಿರಾಕಿಯ ಮುಂದೆಯೇ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಸವೆದ ಕಡೆ ಬಣ್ಣದ ದಾರದಲ್ಲಿ ಗುರುತು ಹಾಕಿಕೊಂಡ ಮೇಲೆಯೇ ಮುಂಗಡ ತೆಗೆದುಕೊಳ್ಳುತ್ತೇನೆ.